ನಿವೃತ್ತ ಪೆಟ್ಟಿಗೆಯ ಮರುನೇಮಕ



ನಿಮ್ಮ ಮನೆಯ ಹಜಾರದಲ್ಲಿ, ಟಿ.ವಿ.ಯ ಹಿಂದೆಯೋ ಕಿಟಕಿಯ ಅಂಚಿನಲ್ಲೋ, ಎರಡು ಮೂರು ಕೊಂಬುಗಳನ್ನು ಎತ್ತಿಕೊಂಡು ಮಿಣಿಮಿಣಿ ದೀಪ ಹಾಕಿಕೊಂಡಿರುವ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇದ್ದೀತು. ಮಕ್ಕಳು ಅದನ್ನು ವೈಫೈ ಎನ್ನುತ್ತಾರೆ, ಅಂಗಡಿಯವರು ರೌಟರ್ ಎನ್ನುತ್ತಾರೆ. ನೆಟ್ ನಿಂತಾಗ ಸ್ವಿಚ್ ಆರಿಸಿ ಮತ್ತೆ ಹಾಕುವುದನ್ನು ಬಿಟ್ಟರೆ ನಾವು ಅದರ ಯೋಗಕ್ಷೇಮ ವಿಚಾರಿಸುವವರಲ್ಲ. ಗಣಕಜಾಲಗಳನ್ನು ಕುರಿತ ನಮ್ಮ ಮಾತುಕತೆಯ ಕಾರ್ಯಕ್ರಮದಲ್ಲಿಯೂ ಈ ಪೆಟ್ಟಿಗೆಗೆ ಸಿಕ್ಕಿದ್ದು ಎರಡೇ ನಿಮಿಷ. ಅರ್ಧ ಗಂಟೆಯ ಅವಧಿಯಲ್ಲಿ ಅದಕ್ಕಿಂತ ಹೆಚ್ಚು ಕೊಡಲು ನಿರ್ಮಾಪಕನಾದ ನನ್ನಿಂದಲೂ ಆಗಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ತೀರಿಸಲು ನನಗೆ ಸ್ವಂತದ ಕಾರಣವೊಂದೂ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಂದು ಕೇಬಲ್ ಕೊಳ್ಳಲು ಹೋದವನು ಕಬ್ಬಿಣದ ಪೆಟ್ಟಿಗೆಯೊಂದನ್ನು ಹೊತ್ತು ಮನೆಗೆ ಬಂದೆ. ಒಂದೂವರೆ ಅಡಿ ಅಗಲ, ಎರಡು ಅಂಗುಲಕ್ಕೂ ಕಡಿಮೆ ಎತ್ತರ, ಮುಂಭಾಗದಲ್ಲಿ ಸಾಲಾಗಿ ಆರು ಕೇಬಲ್ ಕಿಂಡಿಗಳು. ಯಾವುದೋ ಕಚೇರಿಯಲ್ಲಿ ಕೆಲವು ವರ್ಷ ಫೈರ್‌ವಾಲ್ ಆಗಿ, ಎಂದರೆ ಒಳಗಿನ ಜಾಲಕ್ಕೂ ಹೊರಗಿನ ಲೋಕಕ್ಕೂ ನಡುವೆ ನಿಂತ ಕಾವಲುಗಾರನಾಗಿ, ದುಡಿದು ನಿವೃತ್ತಿ ಹೊಂದಿದ್ದು. ಬೆಲೆ ಕೇಳಿದರೆ ಗುಜರಿಗಿಂತ ತುಸು ಮೇಲು. "ಕೆಟ್ಟಿದೆಯೇನಪ್ಪಾ?" ಎಂದೆ. ಅಂಗಡಿಯ ಹುಡುಗ ನಕ್ಕ. "ಇದಕ್ಕೇನೂ ಆಗಿಲ್ಲ ಸಾರ್. ಸಪೋರ್ಟ್ ಮುಗೀತು ಅಂತ ಬಿಸಾಕಿದಾರೆ, ಅಷ್ಟೆ."

ಯಂತ್ರ ಕೆಟ್ಟಿಲ್ಲ, ಆದರೂ ಅದರ ಆಯುಷ್ಯ ಮುಗಿದಿದೆ. ಇದು ಹೇಗೆ? ಮಿಕ್ಸಿ, ಹೊಲಿಗೆ ಯಂತ್ರ, ಸೈಕಲ್ಲು ಇವುಗಳ ವಿಷಯದಲ್ಲಿ ಯಾರೂ ಹೀಗೆ ಹೇಳಿದ್ದನ್ನು ನಾನು ಕೇಳಿಲ್ಲ. ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲು ರೌಟರಿನ ಕೆಲಸವೇನು ಎಂದು ನೋಡೋಣ. ರೈಲಿನ ಅಂಚೆ ಡಬ್ಬಿಯಲ್ಲಿ ನಿಂತು ಪತ್ರ ವಿಂಗಡಿಸುತ್ತಿದ್ದ ಅಂಚೆ ನೌಕರರನ್ನು ನಮ್ಮ ಹಿರಿಯರು ನೋಡಿದ್ದಾರೆ. ಕವರಿನ ಒಳಗೆ ಮದುವೆಯ ಆಹ್ವಾನವಿದೆಯೋ ಸಾಲದ ನೋಟೀಸಿದೆಯೋ ಅವರಿಗೆ ಬೇಕಿರಲಿಲ್ಲ. ವಿಳಾಸ ನೋಡುವುದು, ಯಾವ ಊರಿನ ಚೀಲಕ್ಕೆ ಸೇರಬೇಕೋ ಅದಕ್ಕೆ ಎಸೆಯುವುದು, ಇಷ್ಟೇ. ಗಣಕಜಾಲದಲ್ಲಿ ಚಿತ್ರ, ಮಾತು, ಹಣದ ಲೆಕ್ಕ ಎಲ್ಲವೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತವೆ. ಪ್ರತಿ ಪೊಟ್ಟಣದ ಮೇಲೂ ವಿಳಾಸ ಇರುತ್ತದೆ. ಅದನ್ನು ಓದಿ, ತನ್ನ ಬಳಿಯ ಪಟ್ಟಿಯೊಂದಿಗೆ ತಾಳೆ ನೋಡಿ, ಸರಿಯಾದ ಬಾಗಿಲಿನಿಂದ ಹೊರಕ್ಕೆ ಕಳಿಸುವುದು ರೌಟರಿನ ಕಾಯಕ. ಓದಲು ಬರುವ, ಎರಡು ಬಾಗಿಲುಗಳಿರುವ ಯಾವ ಕಂಪ್ಯೂಟರಾದರೂ ಈ ಕೆಲಸ ಮಾಡೀತು. ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭ.

ರೌಟರುಗಳ ಮೂಲಪುರುಷ ಹುಟ್ಟಿದ್ದು 1969ರಲ್ಲಿ, ಅಮೆರಿಕದಲ್ಲಿ. ಅಲ್ಲಿನ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯು ವಿಶ್ವವಿದ್ಯಾನಿಲಯಗಳ ಕಂಪ್ಯೂಟರುಗಳನ್ನು ಬೆಸೆಯಲು ಅರ್ಪಾನೆಟ್ ಎಂಬ ಜಾಲವನ್ನು ಯೋಜಿಸಿತು. ಪೊಟ್ಟಣ ವಿಂಗಡಿಸುವ ಯಂತ್ರವನ್ನು ತಯಾರಿಸುವ ಗುತ್ತಿಗೆ ಬಿ.ಬಿ.ಎನ್. ಎಂಬ ಸಂಸ್ಥೆಗೆ ಸಿಕ್ಕಿತು. ಫ್ರಾಂಕ್ ಹಾರ್ಟ್ ನೇತೃತ್ವದ ತಂಡ ಹೊಸ ಯಂತ್ರವನ್ನೇನೂ ಸೃಷ್ಟಿಸಲಿಲ್ಲ. ಮಾರುಕಟ್ಟೆಯಲ್ಲಿದ್ದ ಹನಿವೆಲ್ ಡಿ.ಡಿ.ಪಿ.-516 ಎಂಬ ಮಿನಿ ಕಂಪ್ಯೂಟರನ್ನು ತೆಗೆದುಕೊಂಡು, ಅದಕ್ಕೆ ಕೆಲವು ಜೋಡಣೆಗಳನ್ನು ಸೇರಿಸಿ, ಹೊಸ ತಂತ್ರಾಂಶ ಬರೆದರು. ಅದಕ್ಕೆ ಇಟ್ಟ ಹೆಸರು ಐ.ಎಂ.ಪಿ., ಬಾಯಿಮಾತಿನಲ್ಲಿ 'ಇಂಪ್'. ನೆನಪಿನ ಶಕ್ತಿ 12 ಸಾವಿರ ಪದಗಳಷ್ಟು. ಇಂದಿನ ಲೆಕ್ಕದಲ್ಲಿ 24 ಕಿಲೋಬೈಟ್. ತೂಕ ಮಾತ್ರ ಸುಮಾರು 400 ಕಿಲೋ.

ಆ ವರ್ಷದ ಆಗಸ್ಟ್ ಕೊನೆಯಲ್ಲಿ ಮೊದಲನೆಯ ಇಂಪ್ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೆ ಬಂದಿಳಿಯಿತು. ಅಕ್ಟೋಬರ್ 29ರಂದು ಅಲ್ಲಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ 'ಲಾಗಿನ್' ಎಂಬ ಪದ ಕಳಿಸಲು ಹೊರಟರು. 'ಎಲ್' ಹೋಯಿತು, 'ಓ' ಹೋಯಿತು, ಅಷ್ಟರಲ್ಲಿ ಆ ತುದಿಯ ಕಂಪ್ಯೂಟರ್ ಕುಸಿದು ಕುಳಿತಿತು. ಈ ಘಟನೆಯನ್ನು ನೀವು ಬೇರೆಡೆ ಕೇಳಿರಬಹುದು. ನನಗೆ ಅದಕ್ಕಿಂತ ಸ್ವಾರಸ್ಯವೆನಿಸುವುದು ಇಂಪ್‌ನ ಕವಚ. ಯುದ್ಧಭೂಮಿಗೆ ಒಯ್ಯಬಹುದಾದಂಥ ಗಟ್ಟಿ ಉಕ್ಕಿನ ಬೀರು, ಎತ್ತಿ ಇಳಿಸಲು ನೆತ್ತಿಯ ಮೇಲೆ ಕೊಂಡಿಗಳು. ವಿಶ್ವವಿದ್ಯಾನಿಲಯಕ್ಕೆ ಇಷ್ಟೊಂದು ಬಂದೋಬಸ್ತು ಏಕೆ? ಕುತೂಹಲದ ವಿದ್ಯಾರ್ಥಿಗಳು ಕೈಹಾಕಿ ಕೆಡಿಸಿಯಾರೆಂಬ ಅಂಜಿಕೆಯೂ ಹಾರ್ಟ್ ಅವರಿಗೆ ಇತ್ತಂತೆ. ಲೋಕದ ಮೊದಲ ರೌಟರಿಗೆ ಬೀಗ ಹಾಕಿದ್ದು ಕೈಹಾಕುವವರ ಭಯದಿಂದ! ಮುಂದಿನ ಐವತ್ತು ವರ್ಷಗಳ ಕಥೆಯೆಲ್ಲ ಹಾಗೆ ಕೈಹಾಕಿದವರದೇ.

ಅಂಥವರಲ್ಲಿ ಡೇವಿಡ್ ಮಿಲ್ಸ್ ಅವರನ್ನು ಮೊದಲು ನೆನೆಯಬೇಕು. ಎಲ್‌.ಎಸ್‌.ಐ.-11 ಎಂಬ ಸಾಧಾರಣ ಪ್ರಯೋಗಶಾಲಾ ಕಂಪ್ಯೂಟರಿನ ಮೇಲೆ ಓಡುವ 'ಫಝ್‌ಬಾಲ್' ಎಂಬ ರೌಟರ್ ತಂತ್ರಾಂಶವನ್ನು ಅವರು ಬರೆದರು. 1986ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ತನ್ನ ಜಾಲವನ್ನು ಆರಂಭಿಸಿದಾಗ ಅದರ ಬೆನ್ನೆಲುಬಾದದ್ದು ಆರು ಕಡೆಗಳಲ್ಲಿದ್ದ ಈ ಫಝ್‌ಬಾಲ್‌ಗಳೇ. ನಡುವಿನ ತಂತಿಗಳ ವೇಗ ಸೆಕೆಂಡಿಗೆ 56 ಕಿಲೋಬಿಟ್. ಇಂದಿನ ಒಂದು ಫೋಟೋ ಕಳಿಸಲು ನಿಮಿಷಗಳು ಬೇಕು. ಎರಡು ವರ್ಷಗಳಲ್ಲಿ ದಟ್ಟಣೆ ತಾಳಲಾರದೆ ಅದನ್ನು ಬದಲಿಸಿದರು. ಬದಲಿಗೆ ಬಂದದ್ದೂ ಐ.ಬಿ.ಎಂ.ನ ಸಾಮಾನ್ಯ ಆರ್‌.ಟಿ. ಕಂಪ್ಯೂಟರುಗಳ ಗೊಂಚಲೇ. ಅಂದ ಹಾಗೆ, ಕಂಪ್ಯೂಟರುಗಳ ಗಡಿಯಾರಗಳನ್ನು ಜಾಲದ ಮೂಲಕ ಒಂದಕ್ಕೊಂದು ಹೊಂದಿಸುವ ಎನ್‌.ಟಿ.ಪಿ. ಎಂಬ ವಿಧಾನ ರೂಪಿಸಿದವರೂ ಮಿಲ್ಸ್ ಅವರೇ. ಸೆಕೆಂಡಿನ ಲೆಕ್ಕದಲ್ಲಿ ಬದುಕುವ ಪ್ರಸಾರ ವೃತ್ತಿಯವನಾದ ನಾನು ಅವರಿಗೆ ಋಣಿ. 2024ರ ಜನವರಿಯಲ್ಲಿ ಅವರು ತೀರಿಕೊಂಡರು.

ಇದೇ ಹೊತ್ತಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಆವರಣದಲ್ಲಿ ಇನ್ನೊಂದು ಕಥೆ ನಡೆದಿತ್ತು. ಅಲ್ಲಿನ ವೈದ್ಯಕೀಯ ವಿಭಾಗದ ವಿಲಿಯಂ ಯೀಗರ್ ಅವರಿಗೆ 1980ರ ಸುಮಾರಿಗೆ ಬೇರೆ ಬೇರೆ ವಿಭಾಗಗಳ ಜಾಲಗಳನ್ನು ಕೂಡಿಸುವ ಕೆಲಸ ಬಂತು. ಪಿ.ಡಿ.ಪಿ.-11/05 ಎಂಬ ಚಿಕ್ಕ ಕಂಪ್ಯೂಟರನ್ನು ಹಿಡಿದು ಅದಕ್ಕೆ ರೌಟರಿನ ತಂತ್ರಾಂಶ ಬರೆದರು. ಅಲ್ಲಿಯೇ ವಿದ್ಯಾರ್ಥಿಯಾಗಿದ್ದ ಆಂಡಿ ಬೆಕ್ಟೋಲ್‌ಷೈಮ್ ಆ ವೇಳೆಗೆ ಒಂದು ಕಂಪ್ಯೂಟರ್ ಹಲಗೆಯನ್ನು ರಚಿಸುತ್ತಿದ್ದರು. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ನೆಟ್‌ವರ್ಕ್ ಎಂಬುದರ ಮೊದಲಕ್ಷರಗಳಿಂದ ಅದಕ್ಕೆ 'ಸನ್' ಎಂದು ಹೆಸರು. ಯೀಗರ್ ಅವರ ತಂತ್ರಾಂಶವನ್ನು ಈ ಹಲಗೆಯ ಮೇಲೆ ಕೂರಿಸಿದಾಗ ತಯಾರಾದದ್ದು 'ನೀಲಿ ಪೆಟ್ಟಿಗೆ' ಎಂದೇ ಪ್ರಸಿದ್ಧವಾದ ರೌಟರ್. ಅದೇ ಹಲಗೆಯನ್ನು ಆಧರಿಸಿ 1982ರಲ್ಲಿ ಬೆಕ್ಟೋಲ್‌ಷೈಮ್, ನಮ್ಮ ದೇಶದವರಾದ ವಿನೋದ್ ಖೋಸ್ಲಾ, ಸ್ಕಾಟ್ ಮೆಕ್‌ನೀಲಿ ಸೇರಿ ಸನ್ ಮೈಕ್ರೋಸಿಸ್ಟಮ್ಸ್ ಕಟ್ಟಿದರು. ನೀಲಿ ಪೆಟ್ಟಿಗೆಯ ದಾರಿಯಿಂದ ಬಂದದ್ದು ಸಿಸ್ಕೊ. ಒಂದೇ ಹಲಗೆ ಮೇಜಿನ ಮೇಲಿಟ್ಟರೆ ಕಂಪ್ಯೂಟರ್, ಮೂಲೆಯಲ್ಲಿ ತಂತಿ ಚುಚ್ಚಿ ನಿಲ್ಲಿಸಿದರೆ ರೌಟರ್.

ಸಿಸ್ಕೊ ಹುಟ್ಟಿನ ಬಗ್ಗೆ ಒಂದು ಪ್ರೇಮಕಥೆ ಚಾಲ್ತಿಯಲ್ಲಿದೆ. ಗಣಕ ವಿಭಾಗದ ಲೆನ್ ಬೊಸಾಕ್, ವ್ಯವಹಾರ ಶಾಲೆಯ ಸ್ಯಾಂಡಿ ಲರ್ನರ್ ಎಂಬ ದಂಪತಿಗಳು ಪರಸ್ಪರ ಪತ್ರ ಕಳಿಸಲೆಂದು ರೌಟರನ್ನು ಕಂಡುಹಿಡಿದರಂತೆ. ಟಿ.ವಿ.ಗೆ ಹೇಳಿ ಮಾಡಿಸಿದ ಕಥೆ. ಆದರೆ ಯೀಗರ್ ಅವರ ಹೆಸರು ಅದರಲ್ಲಿ ಬಿಟ್ಟುಹೋಗುತ್ತದೆ. ದಂಪತಿಗಳು 1984ರ ಡಿಸೆಂಬರಿನಲ್ಲಿ ಕಂಪನಿ ಸ್ಥಾಪಿಸಿದ್ದು ನಿಜ. ಆದರೆ ರೌಟರಿನ ತಂತ್ರಾಂಶವನ್ನೂ ಎರಡು ಹಲಗೆಗಳ ವಿನ್ಯಾಸವನ್ನೂ ಬಳಸಿಕೊಳ್ಳಲು 1987ರಲ್ಲಿ ವಿಶ್ವವಿದ್ಯಾನಿಲಯವು ಸಿಸ್ಕೊಗೆ ಪರವಾನಗಿ ಕೊಡಬೇಕಾಯಿತು ಎಂಬುದೂ ಅಷ್ಟೇ ನಿಜ.

1990ರ ದಶಕದಲ್ಲಿ ದಾರಿ ಕವಲೊಡೆಯಿತು. ಅತಿ ದೊಡ್ಡ ರೌಟರುಗಳಲ್ಲಿ ವಿಂಗಡಣೆಯ ಕೆಲಸವನ್ನು ಅದಕ್ಕೆಂದೇ ಕೊರೆದ ವಿಶೇಷ ಚಿಪ್ಪುಗಳು ವಹಿಸಿಕೊಂಡವು. ಅವು ನಮ್ಮ ನಿಮ್ಮ ಮನೆಗೆ ಬರುವ ಮಾತಲ್ಲ. ಆದರೆ ಕಚೇರಿಗಳ ಬಾಗಿಲಲ್ಲಿ ಕೂರುವ ಫೈರ್‌ವಾಲ್‌ಗಳು ಹಳೆಯ ಮಾರ್ಗದಲ್ಲೇ ಉಳಿದವು. 1994ರಲ್ಲಿ ಬಂದ 'ಪಿಕ್ಸ್' ಎಂಬ ಪೆಟ್ಟಿಗೆಯನ್ನು ನೋಡಿ. ಮರುವರ್ಷವೇ ಅದನ್ನು ಸಿಸ್ಕೊ ಕೊಂಡಿತು. ಮೇಲುನೋಟಕ್ಕೆ ಗಂಭೀರ ಕಬ್ಬಿಣದ ಪೆಟ್ಟಿಗೆ, ಮುಚ್ಚಳ ತೆಗೆದರೆ ಒಳಗೆ ಇಂಟೆಲ್ ಪ್ರೊಸೆಸರಿನ ಪಿ.ಸಿ. ಆಮೇಲೆ ಬಂದ ಹಲವು ಕಂಪನಿಗಳ ಫೈರ್‌ವಾಲ್‌ಗಳೂ ಬಹುಮಟ್ಟಿಗೆ ಹೀಗೆಯೇ. ಎಸ್.ಪಿ. ರಸ್ತೆಯಿಂದ ನಾನು ತಂದದ್ದು ಈ ವಂಶದ ಕುಡಿ.

ಪಿಕ್ಸ್ ಮಾಡುತ್ತಿದ್ದ ಒಂದು ಕೆಲಸ ನಮ್ಮ ಮನೆಗಳ ಇತಿಹಾಸಕ್ಕೂ ಸಂಬಂಧಿಸಿದ್ದು. ಅಂತರ್ಜಾಲದ ಹಳೆಯ ಪದ್ಧತಿಯಲ್ಲಿ ಇರುವ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಎಲ್ಲ ಯಂತ್ರಗಳಿಗೂ ಒಂದೊಂದು ಕೊಟ್ಟರೆ ಸಾಲದೆಂಬುದು 90ರ ದಶಕದ ಆರಂಭಕ್ಕೇ ಸ್ಪಷ್ಟವಾಗಿತ್ತು. ಆಗ ಹೊಳೆದ ಉಪಾಯವೆಂದರೆ ವಠಾರದ ಉಪಾಯ. ಬೀದಿಗೆ ವಠಾರಕ್ಕೆಲ್ಲ ಸೇರಿ ಒಂದೇ ನಂಬರು. ಒಳಗೆ ಯಾವ ಕೋಣೆಯವರಿಗೆ ಪತ್ರ ಎಂಬುದನ್ನು ಬಾಗಿಲಲ್ಲಿ ಕುಳಿತವನು ನೆನಪಿಟ್ಟುಕೊಂಡು ಹಂಚುತ್ತಾನೆ. 'ನ್ಯಾಟ್' ಎಂಬ ಈ ವಿಧಾನದ ವಿವರ 1994ರಲ್ಲಿ ಪ್ರಕಟವಾಯಿತು. ಒಳಕೋಣೆಗಳಿಗೆಂದೇ ಮೀಸಲಾದ ವಿಳಾಸಗಳು 1996ರ ದಾಖಲೆಯಲ್ಲಿ ಸ್ಥಿರಗೊಂಡವು. ನಿಮ್ಮ ರೌಟರಿನ ಬೆನ್ನ ಮೇಲಿನ ಚೀಟಿಯಲ್ಲಿ 192.168 ಎಂದು ಆರಂಭವಾಗುವ ಸಂಖ್ಯೆ ಇದ್ದರೆ ಅದು ಈ ಮೀಸಲಿನದು.

ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಜಾಲವು ಐ.ಐ.ಟಿ.ಗಳನ್ನೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೂ ಜೋಡಿಸಿತ್ತು. ಜನಸಾಮಾನ್ಯರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ನಾನು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಬಸ್ ನಿಲ್ದಾಣದ ಹತ್ತಿರದ ಸೈಬರ್ ಕೆಫೆಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ತೆತ್ತು ಹೋಗುತ್ತಿದ್ದೆ. ಎಂಟು ಕಂಪ್ಯೂಟರು, ಒಂದೇ ಟೆಲಿಫೋನ್ ತಂತಿ. ಮೂಲೆಯಲ್ಲಿ ಮಾನಿಟರಿಲ್ಲದ, ಒಂದು ಪಕ್ಕದ ತಗಡು ಬಿಚ್ಚಿದ್ದ ಹಳೆಯ ಪಿ.ಸಿ.ಯೊಂದು ಸದಾ ಗೊರಗುಟ್ಟುತ್ತಿತ್ತು. ಅದರ ಮೇಲೆ ಕೈ ಊರಲು ಹೋದರೆ ಮಾಲೀಕರು, "ಅದನ್ನ ಮುಟ್ಟಬೇಡ ಕಣಪ್ಪಾ, ಅದು ನಿಂತರೆ ಎಲ್ಲಾ ನಿಲ್ಲುತ್ತೆ" ಎನ್ನುತ್ತಿದ್ದರು. ಭೌತಶಾಸ್ತ್ರ ಓದುತ್ತಿದ್ದ ನನಗೆ ಅದೇನೆಂದು ಆಗ ತಿಳಿಯಲಿಲ್ಲ. ಅದು ರೌಟರಾಗಿತ್ತು.

ಆ ಕಾಲದಲ್ಲಿ ಜಗತ್ತಿನ ಅನೇಕ ಕಡೆ ಇದೇ ನಡೆದಿತ್ತು. ಮೂಲೆಗೆ ಸೇರಿದ 486 ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡು ಹಾಕಿ, 'ಲಿನಕ್ಸ್ ರೌಟರ್ ಪ್ರಾಜೆಕ್ಟ್' ತಂತ್ರಾಂಶದ ಒಂದೇ ಒಂದು ಫ್ಲಾಪಿ ಸೇರಿಸಿದರೆ ರೌಟರ್ ಸಿದ್ಧ. ಹಾರ್ಡ್ ಡಿಸ್ಕ್ ಕೂಡ ಬೇಡ. 1.44 ಮೆಗಾಬೈಟಿನಲ್ಲಿ ಇಡೀ ರೌಟರು!

ಬಳಿಕ ಅಂಗಡಿಗಳಿಗೆ ಅಗ್ಗದ ಪ್ಲಾಸ್ಟಿಕ್ ರೌಟರುಗಳು ಬಂದವು; ಹಳೆಯ ಪಿ.ಸಿ.ಗಳ ಗೊಡವೆ ಮುಗಿಯಿತೆಂದೇ ಎಲ್ಲರೂ ಭಾವಿಸಿದರು. ಆಗ ನಡೆದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಡೀ ಕಥೆಯ ಕೀಲಿ ಅದರಲ್ಲಿದೆ. 2002ರ ಡಿಸೆಂಬರಿನಲ್ಲಿ ಲಿಂಕ್‌ಸಿಸ್ ಕಂಪನಿ ಡಬ್ಲ್ಯು.ಆರ್‌.ಟಿ.54ಜಿ ಎಂಬ ನೀಲಿ-ಕಪ್ಪು ರೌಟರನ್ನು ಬಿಡುಗಡೆ ಮಾಡಿತು. 2003ರಲ್ಲಿ ಸಿಸ್ಕೊ ಆ ಕಂಪನಿಯನ್ನೇ ಕೊಂಡಿತು. ಅದೇ ವರ್ಷದ ಜೂನ್‌ನಲ್ಲಿ, ಈ ರೌಟರಿನ ಒಳಗೆ ಲಿನಕ್ಸ್ ಓಡುತ್ತಿದೆ ಎಂದು ಒಬ್ಬ ಪ್ರೋಗ್ರಾಮರ್ ಬಹಿರಂಗವಾಗಿ ಹೇಳಿದರು. ಲಿನಕ್ಸನ್ನು ಯಾರು ಬೇಕಾದರೂ ಬಳಸಬಹುದು, ಮಾರಬಹುದು. ಆದರೆ ಅದರ ಪರವಾನಗಿಯಲ್ಲಿ ಒಂದು ಕರಾರಿದೆ. ಅದನ್ನು ಒಳಗೊಂಡ ವಸ್ತುವನ್ನು ಮಾರುವವರು, ಕೊಂಡವರಿಗೆ ಅದರ ಮೂಲ ಬರಹವನ್ನೂ ಕೊಡಬೇಕು. ಮಿಠಾಯಿ ಮಾರಿದರೆ ಪಾಕವಿಧಾನವನ್ನೂ ಕೊಡಬೇಕು ಎಂದಂತೆ. ಒತ್ತಾಯ ಹೆಚ್ಚಿದಾಗ ಕಂಪನಿ ಮೂಲ ಬರಹವನ್ನು ಬಿಡುಗಡೆ ಮಾಡಿತು.

ಅದು ಕೈಗೆ ಸಿಕ್ಕಿದ್ದೇ ತಡ, 2004ರಲ್ಲಿ 'ಓಪನ್ ಡಬ್ಲ್ಯು.ಆರ್‌.ಟಿ.' ಎಂಬ ಸ್ವತಂತ್ರ ತಂತ್ರಾಂಶ ಹುಟ್ಟಿತು. ಕಂಪನಿ ಕೊಡದ ಸೌಲಭ್ಯಗಳನ್ನು ಜನ ತಾವೇ ಸೇರಿಸಿಕೊಂಡರು. 2005ರಲ್ಲಿ ಕಂಪನಿ ಅದೇ ಹೆಸರಿನ ಹೊಸ ಆವೃತ್ತಿಯಲ್ಲಿ ಲಿನಕ್ಸ್ ಕೈಬಿಟ್ಟು, ನೆನಪಿನ ಶಕ್ತಿಯನ್ನು 16ರಿಂದ 8 ಮೆಗಾಬೈಟಿಗೆ ಇಳಿಸಿತು. ಮಾರುವವರ ದೃಷ್ಟಿಯಲ್ಲಿ ಉಳಿತಾಯ, ಕೊಳ್ಳುವವರಲ್ಲಿ ಅಸಮಾಧಾನ. ಕೊನೆಗೆ ಲಿನಕ್ಸ್ ಬೇಕೆನ್ನುವವರಿಗೆಂದೇ 'ಜಿ.ಎಲ್.' ಎಂಬ ಬೇರೆ ಮಾದರಿಯನ್ನು ಹೆಚ್ಚಿನ ಬೆಲೆಗೆ ಮಾರಿದರು. ಅದು ಹತ್ತು ವರ್ಷಕ್ಕೂ ಮೀರಿ ಮಾರಾಟವಾಯಿತು. ಎಲೆಕ್ಟ್ರಾನಿಕ್ ಸರಕು ಅಷ್ಟು ಕಾಲ ಅಂಗಡಿಯಲ್ಲಿ ನಿಂತದ್ದು ವಿರಳ. ಅದಕ್ಕಿಂತ ವೇಗದ ಪೆಟ್ಟಿಗೆಗಳು ಎಷ್ಟೋ ಬಂದವು. ಒಳಗಿನದನ್ನು ಬದಲಿಸಬಹುದು ಎಂಬ ಗುಣಕ್ಕೆ ಜನ ಹಣ ಕೊಟ್ಟರು.

ಇದೇ ಅವಧಿಯಲ್ಲಿ, 2003ರ ಫೆಬ್ರವರಿ 15ರಂದು, ಸ್ವಿಟ್ಜರ್ಲೆಂಡಿನ ಮ್ಯಾನ್ಯುಯೆಲ್ ಕಾಸ್ಪರ್ 'ಮೋನೋವಾಲ್' ಎಂಬ ಫೈರ್‌ವಾಲ್ ತಂತ್ರಾಂಶವನ್ನು ಪ್ರಕಟಿಸಿದರು. ಕಪ್ಪು ಪರದೆಯ ಮೇಲೆ ಆದೇಶಗಳನ್ನು ಟೈಪಿಸುವ ಬದಲು ಬ್ರೌಸರಿನಲ್ಲಿ ಗುಂಡಿ ಒತ್ತಿ ಎಲ್ಲವನ್ನೂ ಹೊಂದಿಸಬಹುದಾಗಿತ್ತು. ಸರಿಯಾಗಿ ಹನ್ನೆರಡು ವರ್ಷಗಳ ನಂತರ, 2015ರ ಫೆಬ್ರವರಿ 15ರಂದು, ಕೆಲಸ ನಿಲ್ಲಿಸಿದ್ದಾಗಿ ಅವರೇ ಘೋಷಿಸಿದರು. ಅಷ್ಟರಲ್ಲಿ ಅದರಿಂದ 2004ರಲ್ಲಿ 'ಪಿ.ಎಫ್.ಸೆನ್ಸ್', ಅದರಿಂದ 2015ರ ಜನವರಿಯಲ್ಲಿ 'ಓ.ಪಿ.ಎನ್.ಸೆನ್ಸ್' ಕವಲೊಡೆದಿದ್ದವು. ಅಜ್ಜ ಮೊಮ್ಮಗನನ್ನು ತೋರಿಸಿ ನಿವೃತ್ತನಾದಂತೆ, ಕಾಸ್ಪರ್ ತಮ್ಮ ಬಳಕೆದಾರರಿಗೆ ಓ.ಪಿ.ಎನ್.ಸೆನ್ಸ್‌ನತ್ತ ಹೋಗಲು ಸೂಚಿಸಿದರು.

ಈ ತಂತ್ರಾಂಶಗಳು ಸಿದ್ಧವಾದಾಗ ಕೆಲವರ ಕಣ್ಣು ಕಚೇರಿಗಳಿಂದ ಹೊರಬೀಳುತ್ತಿದ್ದ ಫೈರ್‌ವಾಲ್‌ಗಳ ಮೇಲೆ ಬಿತ್ತು. ಅತ್ಯಂತ ಹೆಸರಾದದ್ದು ವಾಚ್‌ಗಾರ್ಡ್ ಕಂಪನಿಯ ಕೆಂಪು ಬಣ್ಣದ ಫೈರ್‌ಬಾಕ್ಸ್. ಅದರ ಮೂಲ ತಂತ್ರಾಂಶ ಕ್ಯಾಮೆರಾಗಳಲ್ಲಿ ಬಳಸುತ್ತಿದ್ದಂಥ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡಿನಲ್ಲಿ ಇರುತ್ತಿತ್ತು. ಆ ಕಾರ್ಡು ತೆಗೆದು ಪಿ.ಎಫ್.ಸೆನ್ಸ್ ತುಂಬಿದ ಇನ್ನೊಂದನ್ನು ಸಿಕ್ಕಿಸಿದರೆ ಹಳೆಯ ಕಾವಲುಗಾರ ಹೊಸ ಧಣಿಯ ಸೇವೆಗೆ ಸಿದ್ಧ. ಸಾಹಸಿಗಳು ಹಳೆಯ ಲ್ಯಾಪ್‌ಟಾಪಿನ ಪೆಂಟಿಯಮ್-ಎಂ ಪ್ರೊಸೆಸರನ್ನು ಕಿತ್ತು ಅದಕ್ಕೆ ಕೂರಿಸಿದ್ದೂ ಉಂಟು. ಮುಂದೆ ಸೋಫೋಸ್ ಮೊದಲಾದ ಕಂಪನಿಗಳ ಪೆಟ್ಟಿಗೆಗಳಿಗೂ ಇದೇ ಯೋಗ ಬಂತು. ಇಲ್ಲಿ ಒಂದು ಎಚ್ಚರಿಕೆ: ಒಳಗೆ ಪಿ.ಸಿ. ಇರುವ ಪೆಟ್ಟಿಗೆಗೆ ಮಾತ್ರ ಈ ಯೋಗ. ತಯಾರಕರ ತಂತ್ರಾಂಶವನ್ನು ಬಿಟ್ಟು ಬೇರೆಯದನ್ನು ಒಲ್ಲದ ರೌಟರುಗಳನ್ನು ಅಗ್ಗವೆಂದು ತಂದರೆ ಬಾಗಿಲಿಗೆ ಒರಗಿಸಲು ಬರುತ್ತದೆ, ಅಷ್ಟೆ.

ಇನ್ನು ಅಂಗಡಿ ಹುಡುಗನ 'ಸಪೋರ್ಟ್ ಮುಗೀತು' ಎಂಬ ಮಾತಿಗೆ ಬರೋಣ. ಫೈರ್‌ವಾಲ್ ಕೊಳ್ಳುವ ಕಚೇರಿ ಯಂತ್ರದ ಜೊತೆಗೆ ವರ್ಷಾವಧಿ ಚಂದಾವನ್ನೂ ಕೊಳ್ಳುತ್ತದೆ. ಹೊಸ ದಾಳಿಗಳು ಕಂಡುಬಂದಂತೆ ತಯಾರಕರು ತಂತ್ರಾಂಶಕ್ಕೆ ತೇಪೆ ಕಳಿಸುತ್ತಿರುತ್ತಾರೆ. ಒಂದು ಮಾದರಿಯ ಮಾರಾಟ ನಿಂತ ಮೇಲೆ ಕೆಲವು ವರ್ಷ, ಸಿಸ್ಕೊದಂಥ ಕಂಪನಿಯಲ್ಲಿ ಸಾಮಾನ್ಯವಾಗಿ ಐದು ವರ್ಷ, ಬೆಂಬಲ ಮುಂದುವರಿಯುತ್ತದೆ. ಆ ತಾರೀಕು ದಾಟಿದರೆ ತೇಪೆ ಇಲ್ಲ. ತೇಪೆ ಇಲ್ಲದ ಕಾವಲುಗಾರನನ್ನು ಬಾಗಿಲಲ್ಲಿ ಇಟ್ಟುಕೊಳ್ಳಲು ಲೆಕ್ಕ ತಪಾಸಣೆಯವರು ಒಪ್ಪುವುದಿಲ್ಲ. ಅದು ಸರಿಯೇ. ಹೀಗಾಗಿ ಕಬ್ಬಿಣ ಗಟ್ಟಿಯಾಗಿದ್ದರೂ, ಚಿಪ್ಪು ಬೆಚ್ಚಗೆ ದುಡಿಯುತ್ತಿದ್ದರೂ, ಕ್ಯಾಲೆಂಡರಿನ ಒಂದು ದಿನ ಅದು ಮುದಿಯೆನಿಸುತ್ತದೆ.

ಈ ಭಯ ಹುಸಿಯಲ್ಲ. 2024ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ಒಂದು ಸಂಗತಿಯನ್ನು ಹೊರಗೆಡಹಿತು. ಮನೆ ಹಾಗೂ ಸಣ್ಣ ಕಚೇರಿಗಳ ನೂರಾರು ರೌಟರುಗಳನ್ನು ಚೀನಾ ಸರಕಾರದ ಬೆಂಬಲವಿದ್ದ ಗುಂಪೊಂದು ಗುಟ್ಟಾಗಿ ವಶಪಡಿಸಿಕೊಂಡು ತನ್ನ ಜಾಡು ಮರೆಸಲು ಬಳಸುತ್ತಿತ್ತು. ಅವುಗಳಲ್ಲಿ ಬಹುಪಾಲು ಬೆಂಬಲ ಮುಗಿದಿದ್ದ ಸಿಸ್ಕೊ, ನೆಟ್‌ಗಿಯರ್ ಪೆಟ್ಟಿಗೆಗಳು. ಮಾಲೀಕರ ಮನೆಯಲ್ಲಿ ನೆಟ್ ಎಂದಿನಂತೆ ಬರುತ್ತಿತ್ತು, ದೀಪ ಎಂದಿನಂತೆ ಮಿಣುಕುತ್ತಿತ್ತು. ಆದ್ದರಿಂದ ಹಳೆಯ ಪೆಟ್ಟಿಗೆಯನ್ನು ಹಳೆಯ ತಂತ್ರಾಂಶದ ಸಮೇತ ಮನೆಗೆ ತಂದು ಚುಚ್ಚಿದರೆ ಅದು ಮಿತವ್ಯಯವಲ್ಲ, ಅಪಾಯ. ಇಂದಿಗೂ ತೇಪೆ ಬರುತ್ತಿರುವ ತಂತ್ರಾಂಶವನ್ನು ತುಂಬಿದರೆ ಮಾತ್ರ ಅದಕ್ಕೆ ಮರುನೇಮಕ. ಆ ನೇಮಕವೂ ಕಾಯಂ ಅಲ್ಲ ಎನ್ನಿ. 2017ರ ಅಕ್ಟೋಬರಿನಲ್ಲಿ ಪಿ.ಎಫ್.ಸೆನ್ಸ್‌ನ 2.4 ಆವೃತ್ತಿ ಬಂದಾಗ 32-ಬಿಟ್ ಪ್ರೊಸೆಸರುಗಳನ್ನು ಕೈಬಿಟ್ಟರು. ಪೆಂಟಿಯಮ್-ಎಂ ಕೂರಿಸಿಕೊಂಡು ಮೆರೆದ ಕೆಂಪು ಪೆಟ್ಟಿಗೆಗಳು ಅಂದು ಎರಡನೆಯ ಬಾರಿ ನಿವೃತ್ತವಾದವು. ಯಂತ್ರವೇ ಕೈಕೊಡುವುದೂ ಉಂಟು. ಇಂಟೆಲ್‌ನ ಆಟಮ್ ಸಿ2000 ಸರಣಿಯ ಚಿಪ್ಪುಗಳಲ್ಲಿ ಗಡಿಯಾರದ ಸಂಕೇತ ಕಾಲಕ್ರಮದಲ್ಲಿ ನಿಂತುಹೋಗುವ ದೋಷವಿರುವುದು 2017ರಲ್ಲಿ ಬಯಲಾಯಿತು. ಹಳೆಯ ಪೆಟ್ಟಿಗೆ ಕೊಳ್ಳುವವರು ಈ ಹೆಸರನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನನ್ನ ಪೆಟ್ಟಿಗೆಯ ಕಥೆ ಅರ್ಧಕ್ಕೇ ನಿಂತಿತ್ತು. ಅದಕ್ಕೆ ಮಾನಿಟರ್ ಜೋಡಿಸುವ ಕಿಂಡಿ ಇರಲಿಲ್ಲ. 'ಕನ್ಸೋಲ್' ಎಂದು ಬರೆದ ಕಿಂಡಿಗೆ ಚಪ್ಪಟೆಯಾದ ತಿಳಿನೀಲಿ ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ 9600 ಎಂಬ ವೇಗ ನಮೂದಿಸಿ, ಪೆಟ್ಟಿಗೆಗೆ ವಿದ್ಯುತ್ ಕೊಟ್ಟೆ. ಸಾಲು ಸಾಲಾಗಿ ಅಕ್ಷರಗಳು ಬಂದು, ನಿಂತು, ಹೆಸರು ಮತ್ತು ಗುಪ್ತಪದ ಕೇಳಿದವು. ಕೈಪಿಡಿಯಲ್ಲಿದ್ದ ತಯಾರಕರ ಮೂಲ ಗುಪ್ತಪದವನ್ನು ಸುಮ್ಮನೆ ಹಾಕಿ ನೋಡಿದೆ. ಬಾಗಿಲು ತೆರೆಯಿತು!

ಒಳಗೆ ಹಿಂದಿನ ಧಣಿಯ ಸಂಸಾರವೆಲ್ಲ ಹಾಗೆಯೇ ಇತ್ತು. ಕಚೇರಿಯ ಹೆಸರು, ಮೂರು ಊರುಗಳ ಶಾಖೆಗಳು, ಶಾಖೆಗಳ ನಡುವಿನ ಗುಟ್ಟಿನ ಸುರಂಗಮಾರ್ಗಕ್ಕೆ ಬೇಕಾದ ಕೀಲಿ, ಮನೆಯಿಂದ ಕೆಲಸ ಮಾಡುವ ಸಿಬ್ಬಂದಿಯ ಹೆಸರುಗಳ ಪಟ್ಟಿ. ಪಟ್ಟಿಯಲ್ಲಿ ಲೆಕ್ಕಪತ್ರ ವಿಭಾಗದ ಒಬ್ಬರ ಹೆಸರಿನ ಮುಂದೆ, ಮರೆತಾಗ ನೋಡಿಕೊಳ್ಳಲೆಂದು ಯಾರೋ ಟಿಪ್ಪಣಿಯಾಗಿ ಬರೆದಿಟ್ಟ ಗುಪ್ತಪದವೂ ಇತ್ತು. ಬೇರೆಯವರ ಮನೆಯ ಬೀರು ತೆರೆದು ನಿಂತಂತೆ ನನಗೆ ಮುಜುಗರವಾಯಿತು. ಆ ಕಚೇರಿಯ ದೂರವಾಣಿಗೆ ಕರೆ ಮಾಡಿ ವಿಷಯ ತಿಳಿಸಿದೆ. ಮೊದಲು ಮಾತನಾಡಿದವರು ನಾನೇನೋ ಮಾರಲು ಬಂದವನೆಂದು ತಿಳಿದು ಫೋನ್ ಇಟ್ಟರು. ಎರಡನೆಯ ಸಲ ಬೇರೊಬ್ಬರು ಸಿಕ್ಕಿ, ಕೇಳಿಸಿಕೊಂಡು, ಕೆಲವು ಕ್ಷಣ ಸುಮ್ಮನಿದ್ದರು. "ದಯವಿಟ್ಟು ಅಳಿಸಿಬಿಡಿ ಸಾರ್. ಆ ಕೀಲಿ ಇನ್ನೂ ಬಳಕೆಯಲ್ಲಿದೆ, ಇವತ್ತೇ ಬದಲಿಸುತ್ತೇವೆ" ಎಂದರು. ಅಳಿಸಿದೆ.

ಇದು ಅಪರೂಪದ ಆಕಸ್ಮಿಕ ಎಂದುಕೊಂಡಿದ್ದೆ. ಆದರೆ 2023ರಲ್ಲಿಯೇ ಈಸೆಟ್ ಎಂಬ ಭದ್ರತಾ ಸಂಸ್ಥೆ ಇದನ್ನು ಪರೀಕ್ಷಿಸಿ ನೋಡಿತ್ತು. ಹಳೆಯ ಮಾರುಕಟ್ಟೆಯಿಂದ ಕಚೇರಿ ದರ್ಜೆಯ 18 ರೌಟರುಗಳನ್ನು ಕೊಂಡರು. ಅವುಗಳಲ್ಲಿ 9ರಲ್ಲಿ ಹಿಂದಿನ ಸಂಸ್ಥೆಯ ಜಾಲದ ಪೂರ್ಣ ವಿವರ ಅಳಿಸದೆ ಉಳಿದಿತ್ತು. ಅವರಿಗೂ ಕೆಲವು ಸಂಸ್ಥೆಗಳನ್ನು ಸಂಪರ್ಕಿಸಿ ನಂಬಿಸುವುದೇ ಕಷ್ಟವಾಯಿತಂತೆ. ಓದಿ ನನಗೆ ಸಮಾಧಾನವಾಯಿತೋ ಗಾಬರಿಯಾಯಿತೋ ಹೇಳಲಾರೆ.

ಹೊಸ ತಂತ್ರಾಂಶ ತುಂಬುವುದಕ್ಕೆ ಒಂದು ಸಂಜೆ ಸಾಕಾಯಿತು. ತೊಂದರೆ ಬಂದದ್ದು ರಾತ್ರಿ. ಇಷ್ಟು ತೆಳ್ಳಗಿನ ಪೆಟ್ಟಿಗೆಯಲ್ಲಿ ಹಿಡಿಸುವುದು 40 ಮಿಲಿಮೀಟರಿನ ಪುಟ್ಟ ಫ್ಯಾನು. ಪುಟ್ಟ ಫ್ಯಾನು ಸಾಕಷ್ಟು ಗಾಳಿ ತಳ್ಳಬೇಕಾದರೆ ಹುಚ್ಚು ವೇಗದಲ್ಲಿ ತಿರುಗಬೇಕು. ಕಚೇರಿಯ ಬೀಗ ಹಾಕಿದ ಕೋಣೆಯಲ್ಲಿ ಅದರ ಕೂಗು ಯಾರಿಗೂ ಕೇಳಿಸದು. ನಮ್ಮದು ಎರಡು ಕೋಣೆಯ ಮನೆ. "ಏನೋ ಇದು, ರಾತ್ರಿಯೆಲ್ಲಾ ಮಿಕ್ಸಿ ಓಡ್ತಾ ಇದ್ದ ಹಾಗಿದೆ?" ಎಂದು ಅಮ್ಮ ಬೆಳಿಗ್ಗೆ ಕೇಳಿದರು. ನಿಧಾನವಾಗಿ ತಿರುಗುವ ಬೇರೆ ಫ್ಯಾನುಗಳನ್ನು ತಂದು ಹಾಕಿ, ವಾರದ ತನಕ ಒಳಗಿನ ಉಷ್ಣತೆಯನ್ನು ಗಮನಿಸುತ್ತಿದ್ದೆ.

ವಿದ್ಯುತ್ತಿನ ಲೆಕ್ಕವನ್ನೂ ಹೇಳಬೇಕು, ಏಕೆಂದರೆ ಅಗ್ಗದ ಪೆಟ್ಟಿಗೆ ಅಗ್ಗವಾಗಿಯೇ ಉಳಿಯುತ್ತದೆಂಬ ಭರವಸೆ ಇಲ್ಲ. ಗೋಡೆಯ ಸಾಕೆಟ್ಟಿಗೆ ಮೀಟರ್ ಸಿಕ್ಕಿಸಿ ನೋಡಿದರೆ ಇದು 45 ವ್ಯಾಟ್ ಎಳೆಯುತ್ತಿತ್ತು. ಹಗಲೂ ರಾತ್ರಿ ಓಡಿದರೆ ವರ್ಷಕ್ಕೆ 394 ಯೂನಿಟ್. ಹತ್ತು ವ್ಯಾಟಿನ ಪ್ಲಾಸ್ಟಿಕ್ ರೌಟರ್ ವರ್ಷಕ್ಕೆ 88 ಯೂನಿಟ್ ಬಳಸುತ್ತದೆ. ಜೊತೆಗೆ, ಕಚೇರಿಯ ಫೈರ್‌ವಾಲ್‌ಗಳಲ್ಲಿ ಸಾಮಾನ್ಯವಾಗಿ ವೈಫೈ ಇರುವುದಿಲ್ಲ. ನಮ್ಮ ಹಳೆಯ ಪ್ಲಾಸ್ಟಿಕ್ ರೌಟರನ್ನೇ ಬರಿಯ ಆಂಟೆನಾದಂತೆ ಅದರ ಹಿಂದೆ ಕೂರಿಸಬೇಕಾಯಿತು. ಕರೆಂಟು ಹೋದಾಗ ಎರಡಕ್ಕೂ ಯು.ಪಿ.ಎಸ್. ಆಧಾರ. ಒಟ್ಟು ಲೆಕ್ಕ ಹಾಕಿದರೆ ಹಣ ಉಳಿಸಿದೆನೆಂದು ಎದೆ ತಟ್ಟಿ ಹೇಳಲಾರೆ. ಫ್ಯಾನಿಲ್ಲದ, ಕಡಿಮೆ ವ್ಯಾಟಿನ ಚಿಕ್ಕ ಮಾದರಿಯನ್ನು ಆರಿಸಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಆದರೆ ಮನೆಯ ಬಾಗಿಲಲ್ಲಿ ಏನು ಒಳಬರುತ್ತದೆ, ಏನು ಹೊರಹೋಗುತ್ತದೆ ಎಂಬುದು ಈಗ ಕಾಣುತ್ತದೆ. ನಮ್ಮ ಟಿ.ವಿ. ಪೆಟ್ಟಿಗೆಯೇ ರಾತ್ರಿ ಎರಡು ಗಂಟೆಗೆ ಯಾರ್ಯಾರೊಂದಿಗೋ ಮಾತಾಡುತ್ತಿರುತ್ತದೆ ಎಂದು ನಿರ್ಮಾಪಕನಾದ ನನಗೇ ತಿಳಿದದ್ದು ಆಗ.

2022ನೆಯ ವರ್ಷವೊಂದರಲ್ಲೇ ಜಗತ್ತು 6.2 ಕೋಟಿ ಟನ್ ಎಲೆಕ್ಟ್ರಾನಿಕ್ ಕಸ ಹುಟ್ಟಿಸಿತು. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಾಗಿ ದಾಖಲೆಯಿರುವುದು ಶೇಕಡ 22.3 ಮಾತ್ರ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ತಯಾರಕರು, ಮರುಬಳಕೆದಾರರ ಜೊತೆಗೆ ಯಂತ್ರಗಳನ್ನು ದುರಸ್ತಿ ಮಾಡಿ ಮತ್ತೆ ಬಳಕೆಗೆ ಬಿಡುವವರನ್ನೂ ನೋಂದಣಿಯ ವ್ಯಾಪ್ತಿಗೆ ತಂದವು. ಎಸ್.ಪಿ. ರಸ್ತೆಯ ಓಣಿಗಳಲ್ಲಿ ಈ ಕಸುಬು ನಿಯಮಕ್ಕಿಂತ ಎಷ್ಟೋ ಹಳೆಯದು.

ನಮ್ಮ ಮನೆಯ ಅಟ್ಟದಲ್ಲಿ ಇನ್ನೂ ಒಂದು ರೌಟರಿತ್ತು, ಹತ್ತು ವರ್ಷದ ಹಿಂದಿನದು. ಅದರ ತಯಾರಕರೂ ತೇಪೆ ನಿಲ್ಲಿಸಿದ್ದಾರೆ, ಸ್ವತಂತ್ರ ತಂತ್ರಾಂಶ ಹಿಡಿಸುವಷ್ಟು ನೆನಪಿನ ಶಕ್ತಿಯೂ ಅದಕ್ಕಿಲ್ಲ. ಕಳೆದ ಭಾನುವಾರ ಅದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಲು ಕೆಳಗಿಳಿಸಿದೆ. ಕೊಡುವ ಮುನ್ನ ಕರೆಂಟು ಕೊಟ್ಟು, ಬೆನ್ನಿನ ಮೇಲಿನ ಸಣ್ಣ ತೂತಿಗೆ ಅಮ್ಮನ ಸೇಫ್ಟಿ ಪಿನ್ನು ಚುಚ್ಚಿ, ದೀಪಗಳೆಲ್ಲ ಒಮ್ಮೆ ಆರಿ ಮತ್ತೆ ಹೊತ್ತಿಕೊಳ್ಳುವ ತನಕ ಒತ್ತಿ ಹಿಡಿದೆ. ಆಮೇಲೆ ಲ್ಯಾಪ್‌ಟಾಪು ಜೋಡಿಸಿ ನೋಡಿದೆ. ನಮ್ಮ ಮನೆಯ ಹೆಸರೂ ಗುಪ್ತಪದವೂ ಹೋಗಿದ್ದವು. ಸಂಗ್ರಹದ ಗಾಡಿ ಹನ್ನೊಂದಕ್ಕೆ ಬಂತು.